ಅಜ್ಜಿಯ ಅವಸರ

ಮಗನಿಗೆ ಮೂರು ತಿಂಗಳು ತುಂಬಿತು. ಹಾಸನದ ಕಡೆಯ ನಮ್ಮೂರಿನಿಂದ ಅಜ್ಜಿಯ ಫೋನು ಬಂದರೆ ಪ್ರಶ್ನೆ ಒಂದೇ: “ಮಗೂಗೆ ಜ್ಞಾನಸ್ನಾನ ಆಯ್ತೇನೋ?”

“ಕ್ಲಾಸ್ ಮುಗೀಬೇಕು ಅಜ್ಜಿ.”

“ಮೂರು ತಿಂಗಳ ಕೂಸಿಗೆ ಎಂಥಾ ಕ್ಲಾಸು?”

ಕ್ಲಾಸು ಕೂಸಿಗಲ್ಲ, ನಮಗೆ. ಬೆಂಗಳೂರಿನ ನಮ್ಮ ಚರ್ಚಿನಲ್ಲಿ ಅಪ್ಪ, ಅಮ್ಮ, ಗಾಡ್‌ಫಾದರ್, ಗಾಡ್‌ಮದರ್ ಎಲ್ಲರೂ ಶನಿವಾರ ಸಂಜೆ ತರಬೇತಿಗೆ ಕೂರಬೇಕು. ಮೇಲೆ ಒಂದು ಫಾರಂ. ಗಾಡ್‌ಪೇರೆಂಟ್ ಆಗುವವರಿಗೆ 16 ವರ್ಷ ತುಂಬಿರಬೇಕು, ದೃಢೀಕರಣ ಸಂಸ್ಕಾರ ಆಗಿರಬೇಕು, ಅದಕ್ಕೆ ಸರ್ಟಿಫಿಕೇಟ್ ತರಬೇಕು. ಇದಕ್ಕಿಂತ ಪಾಸ್‌ಪೋರ್ಟೇ ವಾಸಿ ಅಂತ ಗೊಣಗುತ್ತಲೇ ಹೋದೆ. ಇಷ್ಟೆಲ್ಲ ಯಾವಾಗ ಶುರುವಾಯಿತು ಅಂತ ಕುತೂಹಲ ಹುಟ್ಟಿ ಓದುತ್ತಾ ಕೂತೆ.

ಶುರುವಿನಲ್ಲಿ ತಯಾರಿ ಇನ್ನೂ ಜೋರಾಗಿತ್ತು. ಆಗ ಹೆಚ್ಚಾಗಿ ಜ್ಞಾನಸ್ನಾನ ಪಡೆಯುತ್ತಿದ್ದವರು ದೊಡ್ಡವರು. ಆದಿ ಕ್ರೈಸ್ತರ ಒಂದು ಹಳೆಯ ಕೈಪಿಡಿ ಮೂರು ವರ್ಷದ ಕಲಿಕೆ ಬೇಕು ಅನ್ನುತ್ತದೆ. ಮಾತು ಬಾರದ ಮಕ್ಕಳ ಪರವಾಗಿ ಹೆತ್ತವರೋ ನೆಂಟರೋ ಉತ್ತರ ಹೇಳಲಿ ಅಂತಲೂ ಅದರಲ್ಲಿದೆ.

ಐದನೇ ಶತಮಾನದ ಹೊತ್ತಿಗೆ ಸಂತ ಅಗಸ್ಟೀನ್ ಒಂದು ಕಠಿಣ ಮಾತು ಹೇಳಿದರು: ಜ್ಞಾನಸ್ನಾನವಿಲ್ಲದೆ ಸತ್ತ ಶಿಶುವಿಗೂ ಸ್ವರ್ಗವಿಲ್ಲ. ಮಧ್ಯಯುಗದ ಪಂಡಿತರು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ‘ಲಿಂಬೊ’ ಅಂದರು. ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ. ಹುಟ್ಟಿದ ಮಕ್ಕಳು ಉಳಿಯುವುದೇ ಕಷ್ಟವಾಗಿದ್ದ ಕಾಲದಲ್ಲಿ ಇಂಥ ಭಯ ಹೊತ್ತವರು ಮೂರು ವರ್ಷ ಕಾಯುತ್ತಾರೆಯೇ? ತಯಾರಿ ಹೋಯಿತು, ಅವಸರ ಬಂತು.

ನನ್ನ ಫಾರಂಗೂ ಒಂದು ಇತಿಹಾಸವಿದೆ. 1563ರಲ್ಲಿ ಟ್ರೆಂಟ್ ಮಹಾಸಭೆ, ಗಾಡ್‌ಪೇರೆಂಟ್ ಒಬ್ಬರಿರಲಿ, ಹೆಚ್ಚೆಂದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಅವರ ಹೆಸರನ್ನು ಪಾದ್ರಿ ಪುಸ್ತಕದಲ್ಲಿ ಬರೆದಿಡಲಿ ಅಂತ ಕಟ್ಟು ಮಾಡಿತು. 1917ರ ಧರ್ಮಸಭೆಯ ಕಾನೂನು ಮಗುವಿಗೆ ಆದಷ್ಟು ಬೇಗ ಜ್ಞಾನಸ್ನಾನ ಆಗಲಿ ಅಂದಿತು. ಜೀವಕ್ಕೆ ಅಪಾಯವಿದ್ದರೆ ಯಾರು ಬೇಕಾದರೂ ನೀರು ಹಾಕಬಹುದು. ಹಾಗಾಗಿ ಸೂಲಗಿತ್ತಿಯರಿಗೆ ಅದರ ಕ್ರಮ ಗೊತ್ತಿರುವಂತೆ ಪಾದ್ರಿಗಳು ನೋಡಿಕೊಳ್ಳಬೇಕು ಅಂತಲೂ ಬರೆದಿತ್ತು. ಅಂದರೆ ಆಗ ತಯಾರಿ ಬೇಕಿದ್ದದ್ದು ಸೂಲಗಿತ್ತಿಗೆ!

ಇದನ್ನು ತಮಾಷೆಯಾಗಿ ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ.

“ನಮ್ಮ ಸೂಲಗಿತ್ತಿಗೆ ಗೊತ್ತಿರಲಿಲ್ಲ ಕಣೋ. ನನ್ನ ಚೊಚ್ಚಲು ಗಂಡು. ಸ್ವಾಮಿಗಳು ಪಕ್ಕದೂರಿಂದ ಬರೋ ಹೊತ್ತಿಗೆ ಉಸಿರು ನಿಂತಿತ್ತು. ಸಿಮೆಟ್ರಿ ಒಳಗೆ ಬಿಡಲಿಲ್ಲ. ನಿಮ್ಮ ತಾತ ಬೇಲಿ ಆಚೆ ಮಣ್ಣು ಮಾಡಿ ಬಂದ್ರು.”

ಅದು 1958. ಈ ಮಗುವಿನ ವಿಷಯ ನಮ್ಮಪ್ಪನಿಗೇ ಗೊತ್ತಿರಲಿಲ್ಲ. ಆಮೇಲೆ ಹುಟ್ಟಿದ ಐದು ಮಕ್ಕಳನ್ನೂ ವಾರದೊಳಗೆ ಚರ್ಚಿಗೆ ಕಳಿಸಿದಳಂತೆ. ಬಾಣಂತಿ ಹೊರಗೆ ಹೋಗುವ ಹಾಗಿಲ್ಲವಾದ್ದರಿಂದ ಐದರಲ್ಲಿ ಒಂದನ್ನೂ ಅವಳು ಕಣ್ಣಾರೆ ನೋಡಿಲ್ಲ. ಹೋಗಿದ್ದರೂ ಅವಳಿಗೆ ಅಲ್ಲಿ ಮಾತಿರಲಿಲ್ಲ. ಪ್ರಶ್ನೆಗಳನ್ನು ಕೇಳುತ್ತಿದ್ದದ್ದು ಶಿಶುವನ್ನೇ, ಉತ್ತರ ಕೊಡುತ್ತಿದ್ದದ್ದು ಗಾಡ್‌ಪೇರೆಂಟ್.

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಶಿಶುಗಳಿಗಾಗಿಯೇ ಹೊಸ ವಿಧಿ ಬಂತು. ಅದರಲ್ಲಿ ಪ್ರಶ್ನೆ ಹೆತ್ತವರಿಗೆ. ತಾಯಿ ಮಗುವನ್ನು ಎತ್ತಿಕೊಂಡು ನಿಲ್ಲುವಷ್ಟು ಸುಧಾರಿಸಿಕೊಳ್ಳಲಿ, ಹೆತ್ತವರಿಗೆ ತಯಾರಿಗೆ ಸಮಯ ಸಿಗಲಿ ಅನ್ನುವುದೂ ಲೆಕ್ಕಕ್ಕೆ ಬಂತು. ನನ್ನ ಶನಿವಾರದ ಕ್ಲಾಸಿನ ಮೂಲ ಅದು. 1983ರ ಕಾನೂನು ಮೊದಲ ಕೆಲವು ವಾರಗಳಲ್ಲಿ ಮಾಡಿಸಿ ಅನ್ನುತ್ತದೆ. ಆ ಲೆಕ್ಕದಲ್ಲಿ ಅಜ್ಜಿ ಬೈದದ್ದು ಸರಿ. ಆದರೆ ಅದೇ ಕಾನೂನು, ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡ ಮಗುವಿಗೂ ಬಿಷಪರ ಅನುಮತಿಯಿಂದ ಚರ್ಚಿನ ಅಂತ್ಯಕ್ರಿಯೆ ಮಾಡಬಹುದು ಅಂತ ಒಪ್ಪಿತು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರಜ್ಞರ ಆಯೋಗ, ಅಂಥ ಮಕ್ಕಳಿಗೂ ಸ್ವರ್ಗ ಸಿಗುತ್ತದೆಂದು ಆಶಿಸಲು ಗಟ್ಟಿ ಆಧಾರಗಳಿವೆ ಅಂದಿತು. ಲಿಂಬೊ ಯಾವತ್ತೂ ಕಡ್ಡಾಯ ನಂಬಿಕೆ ಆಗಿರಲಿಲ್ಲವಂತೆ.

ಆಸ್ಪತ್ರೆ ಹತ್ತಿರವಿದೆ, ಲಿಂಬೊ ದೂರ ಸರಿದಿದೆ. ಅದಕ್ಕೇ ನಾನು ಮೂರು ತಿಂಗಳು ಆರಾಮಾಗಿ ಫಾರಂ ತುಂಬುತ್ತಾ ಕೂರಬಲ್ಲೆ.

2007ರ ವಿಷಯ ಅಜ್ಜಿಗೆ ಹೇಳಿದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, “ಇದನ್ನ ನಿಮ್ಮ ತಾತನಿಗೆ ಯಾರೂ ಹೇಳಲಿಲ್ವಲ್ಲೋ” ಅಂದಳು.

ಕೊನೆಯ ಕ್ಲಾಸಿನ ದಿನ ಫಾದರನ್ನು ಕೇಳಿದೆ: ಅವತ್ತಿನ ಪ್ರಾರ್ಥನೆಯಲ್ಲಿ ಅಜ್ಜಿಯ ಮೊದಲ ಮಗುವನ್ನೂ ನೆನೆಯಬಹುದಾ? “ಖಂಡಿತ. ಹೆಸರು ಬರೆದುಕೊಡಿ” ಅಂದರು. ಹೆಸರೆಲ್ಲಿಂದ ತರಲಿ? ಅಲ್ಲೇ ನಿಂತು ಊರಿಗೆ ಫೋನ್ ಮಾಡಿದೆ.

ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಚೌರಪ್ಪ. ನಮ್ಮಪ್ಪನ ಹೆಸರು. ಚೌರಪ್ಪ ಅಂತ ಬರ್ಸು.”