ಮಾರಿಕುಪ್ಪಂ ಟ್ರೇನ್ ಹತ್ತೋರು ಯಾರ ಮಕ್ಕಳು?



ಬೆಳಗಿನ ಜಾವ ಒಮ್ಮೆ ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ನಿಂತು ನೋಡಿ. ಊಟದ ಡಬ್ಬಿ ಹಿಡ್ಕೊಂಡು ಜನ ಓಡೋಡಿ ಬರ್ತಾರೆ. ಸೆಕ್ಯುರಿಟಿ ಗಾರ್ಡ್, ಹೌಸ್‌ಕೀಪಿಂಗ್, ಅಂಗಡಿ ಕೆಲಸದವರು, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್. "ಅಲ್ಲೇ ಮನೆ ಮಾಡ್ಬಾರ್ದಾ?" ಅಂದ್ರೆ ನಗ್ತಾರೆ. ಬರೋ ಸಂಬಳದಲ್ಲಿ ಬಾಡಿಗೆ, ಅಡ್ವಾನ್ಸ್ ಕಟ್ಟಿದ್ರೆ ತಿನ್ನೋದೇನು? ಪಾಸ್ ಅಗ್ಗ, ಅದಕ್ಕೇ ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ ಕಳೀತಾರೆ.

ಇವರು ಯಾರ ಮಕ್ಕಳು, ಮೊಮ್ಮಕ್ಕಳು?

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಶುರು ಮಾಡಿತು. 1876-78ರ ಬರಗಾಲ ಆಗಷ್ಟೇ ಮುಗಿದಿತ್ತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಹಸಿವು ಮತ್ತು ಜಮೀನ್ದಾರರ ಜೀತ ಎರಡನ್ನೂ ಬಿಟ್ಟು ಬಂದವರಲ್ಲಿ ಹೆಚ್ಚಿನವರು ನಮ್ಮವರೇ. ಬಿಳಿಯರಿಗೆ ಬಂಗಲೆ, ಕ್ಲಬ್ಬು. ನಮ್ಮವರಿಗೆ ಕೂಲಿ ಲೈನಿನ ತಟ್ಟಿ ಗುಡಿಸಲು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲೇ. ಬಂದದ್ದು ಗಣಿಯ ಯಂತ್ರಕ್ಕೆ.

ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆ ಮುಟ್ಟಿದರೆ ಸುಡುತ್ತಿತ್ತು, ಒತ್ತಡಕ್ಕೆ ಬಾಂಬಿನಂತೆ ಸಿಡಿಯುತ್ತಿತ್ತು. ಬಂಡೆ ತಟ್ಟಿ ಸದ್ದಿನಲ್ಲೇ ಅಪಾಯ ತಿಳಿಯೋದು, ಮರದ ಆಸರೆ ಕಟ್ಟೋದು, ಎಲ್ಲಿ ತೂತು ಕೊರೆದು ಮದ್ದು ತುಂಬಬೇಕು ಅನ್ನೋದು, ಇದೆಲ್ಲ ಕಾಲೇಜಿನಲ್ಲಿ ಕಲಿತದ್ದಲ್ಲ. ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಬಂದ ವಿದ್ಯೆ. ಆದ್ರೆ ರಿಜಿಸ್ಟರಿನಲ್ಲಿ ಅವರ ಹೆಸರು 'ಕೂಲಿ'. 1930ರಲ್ಲಿ ಕಳ್ಳರ ಹಾಗೆ ಬೆರಳಚ್ಚು ಕೊಡಿ ಅಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಿಸಿ ಅಂತಲ್ಲ, ಮರ್ಯಾದೆಗಾಗಿ!

1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬ, ಸಿಲಿಕೋಸಿಸ್ ಹಿಡಿದ ಎದೆಗಳು ಮತ್ತು ಕೆಲಸ ಗೊತ್ತಿದ್ದೂ ಕೆಲಸವಿಲ್ಲದ ಕೈಗಳು.

ಇನ್ನೊಂದು ವಿಷಯ ಕೇಳಿ. ಗಣಿಯಲ್ಲಿ ಬಂಡೆ ಸಿಡಿಯೋದನ್ನು ಅಭ್ಯಾಸ ಮಾಡ್ತಾ ಬೆಳೆದ ಜ್ಞಾನದ ಮೇಲೆ 1988ರಲ್ಲಿ ಇಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಆಮೇಲೆ ಅದರ ಮುಖ್ಯ ಕಚೇರಿಯೂ ಬೆಂಗಳೂರಿಗೆ ಹೋಯ್ತು. ವಿಜ್ಞಾನಕ್ಕೆ ಸಂಸ್ಥೆ ಸಿಕ್ಕಿತು, ಅದರ ಜೊತೆ ಬಂಡೆಯ ಸದ್ದು ಕೇಳಿ ಬದುಕಿದವನಿಗೆ ಒಂದು ಸರ್ಟಿಫಿಕೇಟೂ ಸಿಗಲಿಲ್ಲ.

ಈಗ ಎಲ್ಲ ಸರ್ಕಾರಗಳೂ 'ಕೌಶಲ್ಯಾಭಿವೃದ್ಧಿ' ಅಂತಾವೆ. ಸ್ವಾಮಿ, ಕೌಶಲ್ಯ ನಮ್ಮಲ್ಲಿ 120 ವರ್ಷ ಇತ್ತು. ಚಿನ್ನ ಇರೋವರೆಗೂ ಕಂಪನಿಗೂ ಸರ್ಕಾರಕ್ಕೂ ಜನರನ್ನು ಊರಲ್ಲೇ ಉಳಿಸಿಕೊಳ್ಳೋದು ಗೊತ್ತಿತ್ತು. ಚಿನ್ನ ಮುಗಿದ ಮೇಲೆ ಮರೆತುಹೋಯ್ತಾ?

ತರಬೇತಿ ಕೇಂದ್ರ ತೆರೆದು ಫೋಟೋ ತೆಗೆಸಿಕೊಂಡ್ರೆ ಸಾಲದು. ಕಲಿತವನಿಗೆ ಊರಲ್ಲೇ ಕೆಲಸ, ತಾನಿರೋ ಮನೆಯ ಮೇಲೆ ಹಕ್ಕು, ಬೆಂಗಳೂರಿಗೆ ಹೋಗಲೇಬೇಕಾದವರಿಗೆ ಸಂಬಳಕ್ಕೆ ಎಟುಕೋ ಬಾಡಿಗೆ. ಇಷ್ಟು ಕೇಳೋದು ಭಿಕ್ಷೆಯಲ್ಲ, ಹಳೇ ಬಾಕಿ.

ಸಿನಿಮಾದಲ್ಲಿ ಕೆಜಿಎಫ್ ನೋಡಿ ಶಿಳ್ಳೆ ಹೊಡೆದೋರು ಒಮ್ಮೆ ಆ ಟ್ರೇನ್ ಹತ್ತಿ ನೋಡಿ.

ಜೈ ಭೀಮ್.