ಕಾರ್ಖಾನೆಯ ವೈಫೈ ಮತ್ತು ಸರದಿಯ ಲೆಕ್ಕ: ಚಾಕಣ ಕೈಗಾರಿಕಾ ವಲಯದ ನೆಲೆಯಲ್ಲಿ ಒಂದು ವಿಚಾರ

ಪುಣೆ–ನಾಸಿಕ ಹೆದ್ದಾರಿಯ ಮೇಲಿರುವ ಚಾಕಣ ಹಿಂದೆ ಸಂಗ್ರಾಮದುರ್ಗ ಕೋಟೆಗೂ ಈರುಳ್ಳಿ ಮಾರುಕಟ್ಟೆಗೂ ಹೆಸರಾಗಿದ್ದ ಊರು. 1999ರಲ್ಲಿ ಬಜಾಜ್ ಆಟೊ ಇಲ್ಲಿ ಕಾರ್ಖಾನೆ ತೆರೆಯಿತು. 2009ರಲ್ಲಿ ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಬೆಂಜ್ ಬಂದವು. ಮಹಾಳುಂಗೆ, ಖರಾಬವಾಡಿ, ನಿಘೋಜೆಗಳ ಸುತ್ತ ಬಿಡಿಭಾಗ ತಯಾರಿಸುವ ಘಟಕಗಳು ತಲೆಯೆತ್ತಿದವು. ನಿಸ್ತಂತು ಸ್ಥಳೀಯ ಜಾಲದ, ಅಂದರೆ ವೈಫೈಯ, ಚರಿತ್ರೆಯಲ್ಲೂ ಇವೇ ಎರಡು ವರ್ಷಗಳು ಎದ್ದು ಕಾಣುತ್ತವೆ. ಸೆಕೆಂಡಿಗೆ 11 ಮೆಗಾಬಿಟ್ ವೇಗದ 802.11ಬಿ ಮಾನಕ ಬಂದದ್ದು 1999ರಲ್ಲಿ, ಹಲವು ಆಂಟೆನಾಗಳನ್ನು ಒಟ್ಟಿಗೆ ದುಡಿಸುವ 802.11ಎನ್ ಬಂದದ್ದು 2009ರಲ್ಲಿ. ಒಂದೇ ವಯಸ್ಸಿನ ಕಾರ್ಖಾನೆ, ವೈಫೈ ಎರಡೂ ತಗಡಿನ ಸೂರಿನಡಿ ಸೇರಿದಾಗ ಹುಟ್ಟುವ ತೊಡಕೇ ಈ ಲೇಖನದ ವಸ್ತು. ಇಂಥ ಶೆಡ್ಡಿನಲ್ಲಿ ಜಾಲ ನಿಧಾನವಾದರೆ ಸಾಮಾನ್ಯವಾಗಿ ಹೊಳೆಯುವ ಮದ್ದು ಎರಡು: ಪವರ್ ಏರಿಸುವುದು, ಇಲ್ಲವೇ ಇನ್ನೊಂದು ಆಕ್ಸೆಸ್ ಪಾಯಿಂಟ್ ತೂಗುಹಾಕುವುದು. ಬಹಳಷ್ಟು ಸಂದರ್ಭಗಳಲ್ಲಿ ಎರಡೂ ರೋಗವನ್ನು ಹೆಚ್ಚಿಸುತ್ತವೆ. ನಿಜವಾಗಿ ಸಾಲದೆ ಹೋಗುವುದು ಚಾನೆಲ್‌ನ ಸಮಯ. ಕಾರ್ಖಾನೆಯ ಜಾಲವನ್ನು ಆ ಸಮಯದ ಲೆಕ್ಕದಲ್ಲೇ ಯೋಜಿಸಬೇಕು ಎಂಬುದು ನನ್ನ ವಾದ.

ಆಕ್ಸೆಸ್ ಪಾಯಿಂಟ್ ಮಾಡುವ ಕೆಲಸ ಮೇಲ್ನೋಟಕ್ಕೆ ಸರಳ: ಒಂದು ಕಡೆ ತಂತಿಯ ಜಾಲ, ಇನ್ನೊಂದು ಕಡೆ ರೇಡಿಯೊ, ನಡುವೆ ಅದು ಸೇತುವೆ. ಆದರೆ ರೇಡಿಯೊ ಕಡೆ ಅದಕ್ಕೂ ಅದರ ಆಶ್ರಯದಲ್ಲಿರುವ ಎಲ್ಲ ಸಾಧನಗಳಿಗೂ ಸೇರಿ ಇರುವುದು ಒಂದೇ ಚಾನೆಲ್. ಒಂದು ಸಾಧನ ಪ್ರಸಾರ ಮಾಡುವಾಗ ಅದರ ಸ್ವಂತ ದನಿಯೇ ಅದರ ಕಿವಿಯನ್ನು ತುಂಬಿಬಿಡುವುದರಿಂದ, ಇನ್ನೊಬ್ಬರೊಡನೆ ಡಿಕ್ಕಿಯಾದದ್ದು ಆ ಕ್ಷಣಕ್ಕೆ ತಿಳಿಯುವುದಿಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಅಲೋಹಾ ಜಾಲದಲ್ಲಿ ಬೇಕೆನಿಸಿದಾಗ ಕಳುಹಿಸುವುದು, ಉತ್ತರ ಬಾರದಿದ್ದರೆ ಮತ್ತೆ ಕಳುಹಿಸುವುದು ಎಂಬ ಕ್ರಮವಿತ್ತು. ವೈಫೈ ಅದಕ್ಕೆ ಸಂಯಮ ಕಲಿಸಿತು. 5 ಗಿಗಾಹರ್ಟ್ಸ್ ಪಟ್ಟಿಯ ಮೂಲ ನಿಯಮದ ಪ್ರಕಾರ ಚಾನೆಲ್ 34 ಮೈಕ್ರೊಸೆಕೆಂಡು ಮೌನವಾಗಿರಬೇಕು. ಆಮೇಲೆ ಪ್ರತಿ ಸಾಧನವೂ 0ಯಿಂದ 15ರೊಳಗೆ ಒಂದು ಸಂಖ್ಯೆ ಎತ್ತಿಕೊಂಡು, ಒಂದೊಂದಕ್ಕೂ 9 ಮೈಕ್ರೊಸೆಕೆಂಡಿನಂತೆ ಎಣಿಸಿ ಮುಗಿಸಿದ ಮೇಲೆಯೇ ಮಾತಾಡಬೇಕು. ಒಂದು ಸಾಧನಕ್ಕೆಂದೇ ಕಳುಹಿಸಿ ತಲುಪಿದ ಪ್ರತಿ ಫ್ರೇಮಿಗೂ, ಅಂದರೆ ದತ್ತಾಂಶದ ಪ್ರತಿ ಕಂತಿಗೂ, ಸ್ವೀಕೃತಿ ಹಿಂತಿರುಗಬೇಕು. ಡಬ್ಬಿಯ ಮೇಲೆ ಅಚ್ಚಾದ ವೇಗ ಬಳಕೆಯಲ್ಲಿ ಕೈಗೆ ಸಿಗದಿರಲು ಈ ಕಾಯುವಿಕೆಯೇ ದೊಡ್ಡ ಕಾರಣ.

ಈ ನಿಯಮ ಸರದಿಯನ್ನು ಸಮನಾಗಿ ಹಂಚುತ್ತದೆ, ಸಮಯವನ್ನಲ್ಲ. ನಲ್ಲಿಯ ಮುಂದೆ ತಲೆಗೊಂದು ಕೊಡ ಎಂದು ನಿಯಮವಿದ್ದರೂ, ಕಿರಿದಾದ ಬಾಯಿಯ ಕೊಡ ತಂದವನು ತುಂಬಿಸಿಕೊಳ್ಳುವವರೆಗೆ ಸಾಲೆಲ್ಲ ನಿಂತಿರಬೇಕು. ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ತೋರಿಸಿತು: ಒಂದು ನಿಧಾನದ ಸಾಧನ ಇಡೀ ಗುಂಪಿನ ವೇಗವನ್ನು ತನ್ನ ಮಟ್ಟಕ್ಕೆ ಎಳೆಯುತ್ತದೆ. ಉಗ್ರಾಣದಲ್ಲಿ ಫೋರ್ಕ್‌ಲಿಫ್ಟಿಗೆ ಕಟ್ಟಿದ ಬಾರ್‌ಕೋಡ್ ಸ್ಕ್ಯಾನರನ್ನು ಗಮನಿಸೋಣ. ಒಂದು ಆಕ್ಸೆಸ್ ಪಾಯಿಂಟನ್ನು ಬಿಟ್ಟು ಇನ್ನೊಂದಕ್ಕೆ ಯಾವಾಗ ಹಾರಬೇಕೆಂದು ತೀರ್ಮಾನಿಸುವುದು ಸಾಧನವೇ. ಗಾಡಿ ರ‍್ಯಾಕ್‌ಗಳ ಕೊನೆಯ ಸಾಲಿಗೆ ಹೋದರೂ ಸ್ಕ್ಯಾನರ್ ಬಾಗಿಲ ಬಳಿಯ ಹಳೆಯ ಸಂಪರ್ಕಕ್ಕೇ ಅಂಟಿಕೊಂಡು, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಾದರೆ ವೇಗವನ್ನು 54 ಮೆಗಾಬಿಟ್‌ನಿಂದ ಇಳಿಸುತ್ತ 1 ಮೆಗಾಬಿಟ್‌ಗೆ ತರುತ್ತದೆ. 1500 ಬೈಟಿನ ಫ್ರೇಮು 54ರ ವೇಗದಲ್ಲಿ ಕಾಯುವಿಕೆಯೂ ಸೇರಿ ಹೆಚ್ಚುಕಡಿಮೆ 0.38 ಮಿಲಿಸೆಕೆಂಡು ತೆಗೆದುಕೊಂಡರೆ, 1ರ ವೇಗದಲ್ಲಿ 12.6 ಮಿಲಿಸೆಕೆಂಡು ಬೇಕು. ವೇಗದ ಐದು ಸಾಧನಗಳಷ್ಟೇ ಇದ್ದಾಗ ತಲಾ 6 ಮೆಗಾಬಿಟ್‌ನಷ್ಟು ಸಿಗುತ್ತಿತ್ತು. ಈ ಒಂದು ಸ್ಕ್ಯಾನರ್ ಸೇರಿದ ಕೂಡಲೇ ಅದು 1 ಮೆಗಾಬಿಟ್‌ಗಿಂತ ಕೆಳಗಿಳಿಯುತ್ತದೆ. ಆ ಐವರ ಪರದೆಯಲ್ಲಿ ಸಿಗ್ನಲ್ ಗೆರೆಗಳು ಪೂರ್ತಿಯಾಗಿಯೇ ಕಾಣುತ್ತಿರುತ್ತವೆ. ಅದರಿಂದಲೇ ಕಾರಣ ಹುಡುಕುವವರು ದಾರಿ ತಪ್ಪುತ್ತಾರೆ.

ಹಾಗಾದರೆ ಆಕ್ಸೆಸ್ ಪಾಯಿಂಟ್‌ಗಳನ್ನು ಹೆಚ್ಚಿಸಿದರಾಯಿತಲ್ಲ ಎನ್ನಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್, ಒಂದರ ಮೇಲೊಂದು ಬೀಳದಂತೆ ಅದರಲ್ಲಿ ಕೂರುವುದು 1, 6, 11 ಎಂಬ ಮೂರೇ ಚಾನೆಲ್. ನಾಲ್ಕನೆಯ ಆಕ್ಸೆಸ್ ಪಾಯಿಂಟ್ ಹಾಕಿದರೆ ಅದು ಹಿಂದಿನ ಯಾವುದೋ ಒಂದರ ಸಾಲಿನಲ್ಲೇ ನಿಲ್ಲಬೇಕು. ಅಷ್ಟೇ ಅಲ್ಲ, ಪ್ರತಿಯೊಂದೂ ತಾನಿದ್ದೇನೆಂದು ಸಾರಲು 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕಳುಹಿಸುತ್ತದೆ, ಜಾಲದ ಒಂದೊಂದು ಹೆಸರಿಗೂ ಒಂದೊಂದು. ಕಚೇರಿಗೆ, ಸ್ಕ್ಯಾನರಿಗೆ, ಕ್ಯಾಮೆರಾಗೆ, ಗುತ್ತಿಗೆದಾರರಿಗೆ, ಅತಿಥಿಗಳಿಗೆ ಎಂದು ಐದು ಹೆಸರು ಇಟ್ಟಿದ್ದು, ಒಂದೇ ಚಾನೆಲ್‌ನಲ್ಲಿ ನಾಲ್ಕು ಆಕ್ಸೆಸ್ ಪಾಯಿಂಟ್‌ಗಳು ಪರಸ್ಪರ ಕೇಳಿಸುತ್ತಿದ್ದರೆ ಒಂದು ಸುತ್ತಿಗೆ 20 ಬೀಕನ್ ಆಯಿತು. ಬೀಕನ್ 250 ಬೈಟಿನದಾಗಿದ್ದು 1 ಮೆಗಾಬಿಟ್ ವೇಗದಲ್ಲಿ ಹೊರಟರೆ ಒಂದಕ್ಕೆ 2.2 ಮಿಲಿಸೆಕೆಂಡು, ಇಪ್ಪತ್ತಕ್ಕೆ 44. ಯಾರೊಬ್ಬರೂ ಒಂದಕ್ಷರ ಕಳುಹಿಸುವ ಮೊದಲೇ ಚಾನೆಲ್‌ನ ನೂರಕ್ಕೆ 43 ಪಾಲು ಖರ್ಚಾಗಿರುತ್ತದೆ! ಕನಿಷ್ಠ ವೇಗವನ್ನು 6 ಮೆಗಾಬಿಟ್‌ಗೆ ಏರಿಸಿದರೆ ಇದೇ ಖರ್ಚು ನೂರಕ್ಕೆ 7ಕ್ಕೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಬದಲಾವಣೆಯನ್ನು ಮಾಡದೆ ಹೊಸ ಯಂತ್ರ ಕೊಳ್ಳುವುದಕ್ಕೆ ಸಮರ್ಥನೆ ಇಲ್ಲ.

ತಗಡು, ಉಕ್ಕಿನ ಕಂಬ, ರ‍್ಯಾಕ್ ತುಂಬ ಲೋಹದ ಬಿಡಿಭಾಗ ಇರುವಲ್ಲಿ ಸಿಗ್ನಲ್ಲೇ ಮೊದಲ ಪ್ರಶ್ನೆಯಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಸಿಗ್ನಲ್ ತಲುಪದಿದ್ದರೆ ಸಮಯದ ಮಾತೇ ಏಳುವುದಿಲ್ಲ, ಒಪ್ಪುತ್ತೇನೆ. ಆದರೆ ಲೋಹ ತರಂಗವನ್ನು ನುಂಗುವುದಕ್ಕಿಂತ ಹೆಚ್ಚಾಗಿ ಪುಟಿಸುತ್ತದೆ. ಥಿಯೋಡರ್ ರಾಪಾಪೋರ್ಟ್ ಅಮೆರಿಕದ ಇಂಡಿಯಾನಾದ ಐದು ಕಾರ್ಖಾನೆಗಳಲ್ಲಿ ನಡೆಸಿ 1989ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಪುಟಿದು ಬಂದ ತರಂಗಗಳ ವಿಳಂಬದ ಹರಹು 30ರಿಂದ 300 ನ್ಯಾನೊಸೆಕೆಂಡಿನವರೆಗೆ ಇತ್ತು. ವೈಫೈ ಎರಡು ಸಂಕೇತಗಳ ನಡುವೆ ಬಿಡುವ ತೆರಪು 800 ನ್ಯಾನೊಸೆಕೆಂಡು. ವೇಗದ ಆಸೆಗೆ ಅದನ್ನು 400ಕ್ಕೆ ಇಳಿಸುವ ಸೌಲಭ್ಯವೂ ಇದೆ. ಮನೆಯಲ್ಲಿ ಲಾಭ ತರುವ ಆ 400, ಉದ್ದನೆಯ ಶೆಡ್ಡಿನಲ್ಲಿ ಹಿಂದಿನ ಸಂಕೇತದ ಪ್ರತಿಧ್ವನಿ ಮುಂದಿನದರ ಮೇಲೆ ಬೀಳುವಂತೆ ಮಾಡಬಹುದು. ಪವರ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಇನ್ನೊಂದು ತೊಡಕನ್ನು ಟೊಬಾಗಿ ಮತ್ತು ಕ್ಲೈನ್‌ರಾಕ್ 1975ರಷ್ಟು ಹಿಂದೆಯೇ ವಿವರಿಸಿದ್ದರು. ರ‍್ಯಾಕಿನ ಆಚೆಗೊಂದು ಈಚೆಗೊಂದು ಇರುವ ಎರಡು ಸ್ಕ್ಯಾನರುಗಳಿಗೆ ಸೂರಿನ ಆಕ್ಸೆಸ್ ಪಾಯಿಂಟ್ ಕೇಳಿಸುತ್ತದೆ, ಪರಸ್ಪರರು ಕೇಳಿಸುವುದಿಲ್ಲ. ಚಾನೆಲ್ ಖಾಲಿಯೆಂದು ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಎರಡೂ ಫ್ರೇಮು ಹಾಳಾಗುತ್ತವೆ. ಆಕ್ಸೆಸ್ ಪಾಯಿಂಟ್ ಎಷ್ಟೇ ಜೋರಾಗಿ ಕೂಗಿದರೂ ಈ ಕಿವುಡು ಹೋಗದು. ಮೊದಲು ಅನುಮತಿ ಕೇಳಿ ಆಮೇಲೆ ಕಳುಹಿಸುವ ವಿಧಾನ ಇದಕ್ಕಿದೆ, ಅದಕ್ಕೂ ಬೆಲೆ ಸಮಯವೇ.

ಹೊಸ ತಲೆಮಾರಿನ ಮಾನಕಗಳು ಇದನ್ನೆಲ್ಲ ಹಿಂದೆ ಹಾಕಿವೆ ಎನ್ನುವವರ ಮಾತಿನಲ್ಲೂ ಹುರುಳಿದೆ. ಭಾರತದಲ್ಲಿ 2018ರ ಅಕ್ಟೋಬರ್‌ನ ಅಧಿಸೂಚನೆ 5 ಗಿಗಾಹರ್ಟ್ಸ್‌ನಲ್ಲಿ 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು; 2021ರ 802.11ಎಎಕ್ಸ್ ಮಾನಕದಲ್ಲಿ ಆಕ್ಸೆಸ್ ಪಾಯಿಂಟೇ ಯಾರು ಯಾವಾಗ ಮಾತಾಡಬೇಕೆಂದು ಸರದಿ ಹಂಚಬಲ್ಲದು. 2022ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಕಾರ್ಖಾನೆಗಳ ಸ್ವಂತ 5ಜಿ ಜಾಲಕ್ಕೆ ಮಾರ್ಗಸೂಚಿ ಹೊರಡಿಸಿತು. ಇವು ನನ್ನ ವಾದವನ್ನು ಒಡೆಯುವ ಬದಲು ಬಲಪಡಿಸುತ್ತವೆ, ಏಕೆಂದರೆ ಮೂರೂ ಕೊಡುತ್ತಿರುವುದು ಒಂದೋ ಹೊಸ ಸಾಲು, ಇಲ್ಲವೇ ಸಾಲಿನ ಶಿಸ್ತು. ಹೊಸ ಸಾಲನ್ನು 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳಿಗೆ ಬಳಸಿದರೆ ಬೇರೆಬೇರೆ ಚಾನೆಲ್‌ಗಳ ಸಂಖ್ಯೆ ಮತ್ತೆ ಬೆರಳೆಣಿಕೆಗೆ ಇಳಿಯುತ್ತದೆ; ಕೆಲವೇ ಬೈಟು ಕಳುಹಿಸುವ ಸ್ಕ್ಯಾನರಿಗೆ 20 ಮೆಗಾಹರ್ಟ್ಸ್ ಧಾರಾಳ. ಸರದಿ ಹಂಚುವ ಸೌಲಭ್ಯವೂ ಅದನ್ನು ಬಲ್ಲ ಸಾಧನಗಳಿಗಷ್ಟೇ. ಹಳೆಯ ಸ್ಕ್ಯಾನರ್ ಅದೇ ಚಾನೆಲ್‌ನಲ್ಲಿ ಇರುವವರೆಗೆ ಹಳೆಯ ನಿಯಮದ ಪೈಪೋಟಿಯೂ ಇರುತ್ತದೆ. ಆದ್ದರಿಂದ ಚಾಕಣದ ಸಣ್ಣ ಘಟಕವೊಂದು ಹಣ ಹೂಡುವ ಮೊದಲು ಪಾಳಿ ಬದಲಾಗುವ ಹೊತ್ತಿನಲ್ಲಿ ಪ್ರತಿ ಚಾನೆಲ್ ನೂರಕ್ಕೆ ಎಷ್ಟು ಪಾಲು ತುಂಬಿದೆ ಎಂದು ಅಳೆಯಬೇಕು, ಜಾಲದ ಹೆಸರುಗಳನ್ನು ಎರಡು ಮೂರಕ್ಕೆ ಇಳಿಸಬೇಕು, ಆಕ್ಸೆಸ್ ಪಾಯಿಂಟಿನ ಪವರನ್ನು ಸ್ಕ್ಯಾನರಿನ ಪವರಿಗೆ ಹೊಂದಿಸಬೇಕು. ಕೊನೆಯದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ಯಾಟರಿಯ ಮೇಲೆ ನಡೆಯುವ ಕೈಸ್ಕ್ಯಾನರ್ ಹತ್ತಾರು ಮಿಲಿವ್ಯಾಟ್‌ಗಿಂತ ಹೆಚ್ಚು ಹೊಮ್ಮಿಸಲಾರದು. ಸೂರಿನಿಂದ ಬರುವ ದನಿ ದೂರದವರೆಗೆ ಸ್ಪಷ್ಟವಾಗಿ ಕೇಳಿದಷ್ಟೂ ಅದು ಹತ್ತಿರದ ಆಕ್ಸೆಸ್ ಪಾಯಿಂಟಿಗೆ ಹಾರಲು ತಡಮಾಡುತ್ತದೆ, ಅದರ ಉತ್ತರ ಮಾತ್ರ ಅಷ್ಟು ದೂರ ತಲುಪದೆ ಮತ್ತೆ ಮತ್ತೆ ಹೊರಡಬೇಕಾಗುತ್ತದೆ.