ಚಿಕ್ಕಪ್ಪನ ನೀರಿನ ಕ್ಯಾನು

ನಮ್ಮ ಚಿಕ್ಕಪ್ಪನ ಅಂಬಾಸಿಡರ್ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದ ದಿನ ಇರ್ತಿತ್ತು, ನೀರಿನ ಕ್ಯಾನು ಇಲ್ಲದ ದಿನ ಇರ್ತಿರಲಿಲ್ಲ. ತೊಂಬತ್ತರ ದಶಕ. ಕೊಟ್ಟಿಗೆಹಾರದ ಹತ್ತಿರದ ನಮ್ಮೂರಿಂದ ಜನ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ, ಮಂಗಳೂರು ಅಂತ ಬಾಡಿಗೆ ಹೊಡೆಯುತ್ತಿದ್ದರು. ಇಳಿಯುವಾಗ ತೊಂದರೆ ಇಲ್ಲ. ವಾಪಸ್ ಹತ್ತುವಾಗ ಮಾತ್ರ ಅರ್ಧ ದಾರಿಯಲ್ಲಿ ಒಂದು ಝರಿಯ ಪಕ್ಕ ನಿಲ್ಲಿಸಿ, ಬಾನೆಟ್ ಎತ್ತಿ, ಬೀಡಿ ಹಚ್ಚಿ ಕೂತುಬಿಡೋರು. ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿ ಮುಂದಕ್ಕೆ.

ಒಂದು ಸಲ ಮದುವೆ ದಿಬ್ಬಣದವರು ಕತ್ತಲಾಗುತ್ತೆ, ನಿಲ್ಲಿಸಬೇಡಿ ಅಂದರು. ಚಿಕ್ಕಪ್ಪ ನಿಲ್ಲಿಸಲಿಲ್ಲ. ಘಾಟಿ ಮುಗಿಯುವ ಮುಂಚೆಯೇ ಬಾನೆಟ್ಟಿನಿಂದ ಬಿಳಿ ಹಬೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ರಿಪೇರಿಗೆ ಸಾಲ, ಸಾಲಕ್ಕೆ ಬಡ್ಡಿ. ಮುಂದಿನ ಮಳೆಗಾಲದೊಳಗೆ ಕಾರು ಮಾರಿ ಯಾರದೋ ಎಸ್ಟೇಟಿನಲ್ಲಿ ಡ್ರೈವರ್ ಆದರು. "ಗಾಡಿ ನೋಡ್ಕೊಳ್ಳೋಕೆ ಬರಲಿಲ್ಲ ಇವನಿಗೆ" ಅಂತ ಮನೆಯಲ್ಲಿ ಎಲ್ಲರೂ ಅಂದರು. ನಾನೂ ಹಾಗೇ ನಂಬಿದ್ದೆ.

ಇದೆಲ್ಲ ಮತ್ತೆ ನೆನಪಾಗಿದ್ದು ಕಳೆದ ಬೇಸಿಗೆಯಲ್ಲಿ, ನನ್ನ ಕಾರಿನ ಫ್ಯಾನು ಕೈಕೊಟ್ಟಾಗ. ಅದಕ್ಕೆ ಮುಂಚೆ ಸ್ವಲ್ಪ ಇತಿಹಾಸ.

1886ರ ಕಾರ್ಲ್ ಬೆಂಜ್‌ನ ಮೋಟಾರು ಗಾಡಿಗೆ ಫ್ಯಾನೂ ಇರಲಿಲ್ಲ, ಈಗಿನಂಥ ರೇಡಿಯೇಟರೂ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ತುಂಬಬೇಕಿತ್ತು. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್, ಹೋದಳು. ಮೊದಲ ದೂರದ ಕಾರು ಪ್ರಯಾಣ ಅಂತ ಪ್ರಸಿದ್ಧಿ ಅದಕ್ಕೆ. ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಂಡಳು. ಓದಿದಾಗ ನನಗೆ ಕಂಡಿದ್ದು ಜರ್ಮನಿ ಅಲ್ಲ, ಚಾರ್ಮಾಡಿಯ ಝರಿ.

1901ರ ಹೊತ್ತಿಗೆ ವಿಲ್‌ಹೆಲ್ಮ್ ಮೇಬ್ಯಾಕ್ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಕೂರಿಸಿದ. 8,070 ಪುಟ್ಟ ಚೌಕ ಕೊಳವೆಗಳು. ಗಾಳಿ ಕೊಳವೆಯೊಳಗೆ, ನೀರು ಅವುಗಳ ಸಂದಿಯಲ್ಲಿ. ಅದರ ಹಿಂದೆ ಒಂದು ಫ್ಯಾನು. ಯಾಕೆ? ಗಾಡಿ ಜೋರಾಗಿ ಓಡುವಾಗ ಗಾಳಿ ತಾನೇ ನುಗ್ಗುತ್ತೆ, ನಿಧಾನವಾದಾಗ ಯಾರಾದರೂ ಎಳೆದು ತರಬೇಕು.

ಆಮೇಲೆ ದಶಕಗಳ ಕಾಲ ಹೆಚ್ಚಿನ ಕಾರುಗಳಲ್ಲಿ ಈ ಫ್ಯಾನು ತಿರುಗಿದ್ದು ಇಂಜಿನ್ನಿನ ಬೆಲ್ಟಿನಿಂದ. ಸಮಸ್ಯೆ ಇರುವುದೇ ಇಲ್ಲಿ. ಬೆಲ್ಟಿನ ಫ್ಯಾನಿಗೆ ಗೊತ್ತಿರುವುದು ಇಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅನ್ನುವುದು ಮಾತ್ರ, ನೀರು ಎಷ್ಟು ಬಿಸಿಯಾಗಿದೆ ಅನ್ನುವುದಲ್ಲ. ಹೆದ್ದಾರಿಯಲ್ಲಿ ಬೇಡದಿದ್ದರೂ ಗಿರಗಿರ ತಿರುಗಿ ಪೆಟ್ರೋಲ್ ತಿನ್ನುತ್ತೆ. ಘಾಟಿಯಲ್ಲಿ ತುಂಬಿದ ಗಾಡಿ ಲಾರಿ ಹಿಂದೆ ತೆವಳುವಾಗ, ಇಂಜಿನ್ನಿನ ಮೇಲೆ ಪೂರ್ತಿ ಭಾರ, ಎದುರಿಂದ ಗಾಳಿ ಇಲ್ಲ, ಫ್ಯಾನು ಮಾತ್ರ ಇಂಜಿನ್ ತಿರುಗಿದಷ್ಟೇ. ಅಂಬಾಸಿಡರ್ ಅಂದರೆ ಬ್ರಿಟನ್ನಿನ 1950ರ ದಶಕದ ಮೋರಿಸ್ ಆಕ್ಸ್‌ಫರ್ಡ್. ನಮ್ಮ ಘಾಟಿ, ನಮ್ಮ ಬಿಸಿಲು, ನಮ್ಮ ಏಳೆಂಟು ಜನರ ಬಾಡಿಗೆ ಅದರ ಲೆಕ್ಕದಲ್ಲಿ ಇರಲಿಲ್ಲ.

ಲಾರಿ, ಜೀಪುಗಳಂಥ ದೊಡ್ಡ ಗಾಡಿಗಳಿಗೆ ಒಂದು ಉಪಾಯ ಬಂತು. ಒಳಗೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ಚು, ಗಾಳಿ ಬಿಸಿಯಾದರೆ ಮಾತ್ರ ಫ್ಯಾನನ್ನು ಹಿಡಿಯುತ್ತೆ. ಚಿಕ್ಕ ಕಾರುಗಳಲ್ಲಿ ಕಥೆ ಬೇರೆ. ಇಂಜಿನ್ನನ್ನು ಅಡ್ಡಕ್ಕೆ ಕೂರಿಸಲು ಶುರು ಮಾಡಿದ ಮೇಲೆ ಬೆಲ್ಟು ಮುಂದಿನ ರೇಡಿಯೇಟರ್ ಕಡೆ ಮುಖ ಮಾಡುವುದೇ ಇಲ್ಲ. 1969ರ ಫಿಯೆಟ್ 128ರಲ್ಲಿ ಕರೆಂಟಿನ ಫ್ಯಾನು ಬಂತು. ನಮ್ಮ ಮನೆಬಾಗಿಲಿಗೆ ಅದನ್ನು ತಂದಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಇಂಜಿನ್ ನಿಲ್ಲಿಸಿದ ಮೇಲೂ ಫ್ಯಾನು ಶುರುವಾದರೆ ಗಾಡಿಗೆ ಏನೋ ಆಯ್ತು ಅಂತ ಗಾಬರಿಯಾದವರನ್ನು ನಾನೇ ನೋಡಿದ್ದೇನೆ.

ಆಮೇಲೆ ಬಂದಿದ್ದು ಎರಡು ಸ್ಪೀಡು. ಇದರ ಲೆಕ್ಕ ಚೆನ್ನಾಗಿದೆ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಸುಮಾರು ಅರ್ಧ ಆಗುತ್ತೆ, ಆದರೆ ಅದನ್ನು ತಿರುಗಿಸಲು ಬೇಕಾದ ಶಕ್ತಿ ಎಂಟನೇ ಒಂದು ಭಾಗ ಸಾಕು. ಹಾಗಾಗಿ ಹೆಚ್ಚು ಹೊತ್ತು ನಿಧಾನವಾಗಿ ತಿರುಗಿಸುವುದೇ ಲಾಭ. ಅನೇಕ ಕಾರುಗಳಲ್ಲಿ ನಿಧಾನದ ಸ್ಪೀಡಿಗೆ ಒಂದು ರೆಸಿಸ್ಟರ್ ಇರುತ್ತೆ. ಕರೆಂಟನ್ನು ತಡೆದು ತಾನು ಕಾಯುತ್ತೆ, ಅದಕ್ಕೇ ಅದನ್ನು ಫ್ಯಾನಿನ ಗಾಳಿ ಬೀಳುವಲ್ಲಿ ಕೂರಿಸಿರುತ್ತಾರೆ. ಕಾದು ಕಾದು, ಧೂಳು ನೀರು ತಿಂದು, ಒಂದು ದಿನ ಸುಡುತ್ತೆ.

ನನ್ನ ಕಾರಿಗೆ ಆಗಿದ್ದೂ ಅದೇ. ಸಿಗ್ನಲ್ಲಿನಲ್ಲಿ ನಿಂತರೆ ಎಸಿ ಬಿಸಿಗಾಳಿ ಬಿಡೋದು. ಸ್ವಲ್ಪ ಹೊತ್ತಿಗೆ ಫ್ಯಾನು ಒಮ್ಮೆಲೇ ವಿಮಾನದ ಥರ ಅರಚೋದು, ಆಮೇಲೆ ಸುಮ್ಮನೆ. ಒಂದು ಗ್ಯಾರೇಜಿನಲ್ಲಿ ಟೆಂಪರೇಚರ್ ಸೆನ್ಸರ್ ಬದಲಾಯಿಸಿದರು. ಸರಿಹೋಗಲಿಲ್ಲ. ಥರ್ಮೋಸ್ಟಾಟ್ ಬದಲಾಯಿಸಿದರು. ಸರಿಹೋಗಲಿಲ್ಲ. ಮುಂದಿನದು ಫ್ಯಾನ್ ಮೋಟಾರೇ ಅಂದರು. ಆಫೀಸಿನಲ್ಲಿ ಯಾರಾದರೂ ಲಾಗ್ ನೋಡದೆ ಕೋಡ್ ಬದಲಾಯಿಸಿದರೆ ಬೈಯುವ ನಾನು ಇಲ್ಲಿ ಸುಮ್ಮನೆ ದುಡ್ಡು ಕೊಡ್ತಿದ್ದೆ!

ಭಾನುವಾರ ಕೂತು ಯೋಚಿಸಿದೆ. ಜೋರಾಗಿ ತಿರುಗುತ್ತೆ ಅಂದರೆ ಮೋಟಾರು ಚೆನ್ನಾಗಿದೆ, ಅರ್ಥಿಂಗ್ ಚೆನ್ನಾಗಿದೆ. ಬಿಸಿಯಾದಾಗಲೇ ತಿರುಗುತ್ತೆ ಅಂದರೆ ಸೆನ್ಸರ್ ಕೆಲಸ ಮಾಡ್ತಿದೆ. ಉಳಿದಿದ್ದು ನಿಧಾನದ ದಾರಿ: ಅದರ ಫ್ಯೂಸು, ರಿಲೇ, ರೆಸಿಸ್ಟರ್. ಫ್ಯೂಸು ಸರಿ ಇತ್ತು. ರಿಲೇಯನ್ನು ಅಂಥದೇ ಇನ್ನೊಂದರ ಜೊತೆ ಅದಲುಬದಲು ಮಾಡಿದೆ, ವ್ಯತ್ಯಾಸ ಇಲ್ಲ. ಬ್ಯಾಟರಿ ವೈರ್ ತೆಗೆದು, ರೆಸಿಸ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಒಂದು ಓಮ್ ಒಳಗೆ ತೋರಿಸಬೇಕಿದ್ದದ್ದು ತುಂಡಾದ ತಂತಿ ಅಂತ ತೋರಿಸಿತು. ಅದೊಂದನ್ನು ಬದಲಾಯಿಸಿದೆ, ಮುಗೀತು.

ನಿಮ್ಮ ಕಾರಿನ ಲಕ್ಷಣ ಬೇರೆ ಇರಬಹುದು. ಕೀ ಹಾಕಿದ ತಕ್ಷಣ, ತಣ್ಣಗಿರುವಾಗಲೇ ಫ್ಯಾನು ಪೂರ್ತಿ ಜೋರಾಗಿ ಓಡಿದರೆ ಸೆನ್ಸರ್ ಅಥವಾ ಅದರ ವೈರ್ ನೋಡಿಸಿ: ಬಿಸಿ ಗೊತ್ತಾಗದಿದ್ದರೆ ಕೆಟ್ಟದ್ದನ್ನೇ ಊಹಿಸಿಕೋ ಅಂತ ಅನೇಕ ಕಾರುಗಳ ಕಂಪ್ಯೂಟರಿಗೆ ಬರೆದಿರುತ್ತಾರೆ. ಎರಡೂ ಸ್ಪೀಡಿನಲ್ಲಿ ಸೊರಗಿದಂತೆ ತಿರುಗಿದರೆ ಮೋಟಾರಿನ ಬ್ರಷ್, ಅರ್ಥಿಂಗ್ ಮೇಲೆ ಅನುಮಾನ. ಕರೆಂಟಿನ ಫ್ಯಾನು ಹೇಳದೆ ಕೇಳದೆ ಶುರುವಾಗುತ್ತೆ, ಕೈ ದೂರ ಇರಲಿ. ಬಿಸಿ ರೇಡಿಯೇಟರಿನ ಮುಚ್ಚಳ ಯಾವತ್ತೂ ತೆಗೀಬೇಡಿ.

ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಬೆಲ್ಟು, ಬ್ರಿಟನ್ನು, ಬರ್ತಾ ಬೆಂಜ್, ಎಲ್ಲ. ಕಾರು ಮಾಡಿದವರ ಲೆಕ್ಕದಲ್ಲೇ ಘಾಟಿ ಇರಲಿಲ್ಲ, ನಿಮ್ಮ ತಪ್ಪೇನಿದೆ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದ್ಕೇ ಅಲ್ವೇನೋ ಝರಿ ಹತ್ರ ನಿಲ್ಲಿಸ್ತಿದ್ದಿದ್ದು. ಆವತ್ತು ಬಿಸಿ ವಾಸನೆ ಬಂದಿತ್ತು ಕಣೋ, ನಂಗೆ ಗೊತ್ತಾಗಿತ್ತು. ಮದುವೆ ಜನ, ಹೆಂಗೆ ಇಳೀರಿ ಅನ್ಲಿ?" ಅಂದರು.

ಗಾಡಿ ನೋಡ್ಕೊಳ್ಳೋಕೆ ಅವರಿಗೆ ಚೆನ್ನಾಗಿಯೇ ಬರ್ತಿತ್ತು. ಬರದೇ ಇದ್ದದ್ದು ಇಲ್ಲ ಅನ್ನೋದು.